ನೂರಾ ತೊಂಬತ್ತೊಂಬತ್ತು ಡಾಲರಿನ ಒಂದು ಗಂಟೆ

ಮೊದಲ ಭೇಟಿಯಲ್ಲೇ ಕೋಕಿಲಾ ಗಿರೀಶನ ಹುಬ್ಬು ಒಡೆದಳು.

ಬೇಕೆಂದೇ ಎಸೆದದ್ದು. ಗುರಿ ಮಾತ್ರ ಭುಜವಾಗಿತ್ತು. ಗೋಡೌನಿನ ಶಿಫ್ಟು ಮುಗಿಸಿ, ಡಬ್ಬಗಳಿಗೆ ಟೇಪು ಸುತ್ತುವ ಗನ್ನನ್ನು ಕೈಯಲ್ಲಿ ಹಿಡಿದುಕೊಂಡೇ ಬ್ರ್ಯಾಂಪ್ಟನ್ನಿನ ಆ ಟ್ರಕ್ ಯಾರ್ಡಿಗೆ ಬಂದಿದ್ದಳು. ಟ್ರಕ್ ಲೈಸೆನ್ಸಿನ ಪರೀಕ್ಷೆಗೆಂದು, ಕಾಲೇಜಿನ ಮಾರ್ಕೆಟಿಂಗ್ ಪಾಠಗಳ ನಡುವೆ ಎಂಟು ತಿಂಗಳು ಬೇಸ್‌ಮೆಂಟಿನಲ್ಲಿ ಕೂತು ಬರೆದ ಪಿಡಿಎಫ್ ಪುಸ್ತಕ ಅವಳದು. ಆನ್‌ಲೈನಿನಲ್ಲಿ ಹತ್ತೊಂಬತ್ತು ಡಾಲರಿಗೆ ಮಾರುತ್ತಿದ್ದಳು. ಅದು ಇಲ್ಲಿ ಪ್ರಿಂಟಾಗಿ ಡ್ರೈವರುಗಳ ಕೈಯಿಂದ ಕೈಗೆ ಬಿಟ್ಟಿಯಾಗಿ ಓಡಾಡುತ್ತಿತ್ತು. ಹಂಚಿದವನು ಟ್ರಕ್ಕಿನ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಕಳ್ಳ ಎಂದಳು, ಎಸೆದಳು.

ರಕ್ತ ಕಣ್ಣಿಗೆ ಇಳಿಯುತ್ತಿದ್ದರೂ ಅವನು ಕಪ್ಪನ್ನು ಚೆಲ್ಲದಂತೆ ಪಕ್ಕಕ್ಕಿಟ್ಟ. ಅವಳ ಮುಖ ನೋಡಿದ. ಅವಳ ತೋಳಿಗೆ ಅಂಟಿದ್ದ ಟೇಪಿನ ಚೂರು ನೋಡಿದ. ಆಮೇಲೆ ನಕ್ಕ.

“ಬರದಾಕಿ ನೀವೇ ಏನ್ರಿ? ಮೂವತ್ತೊಂದನೇ ಪೇಜ್ ತಪ್ಪೈತಿ. ಅದಕ್ಕ ಪ್ರಿಂಟ್ ತಗದು, ತಿದ್ದಿ ಕೊಡಾಕತ್ತೀನಿ.”

ಡ್ಯಾಶ್‌ಬೋರ್ಡಿನ ಹಳದಿ ಬಟನ್ ಒತ್ತಿದರೆ ಪಾರ್ಕಿಂಗ್ ಬ್ರೇಕು ಹಿಡಿಯುತ್ತದೆ, ಎಳೆದರೆ ಬಿಡುತ್ತದೆ ಎಂದು ಅವಳು ಬರೆದಿದ್ದಳು. ನಿಜ ಅದರ ತದ್ವಿರುದ್ಧ. ಒಶಾವಾದ ಯಾರ್ಡೊಂದರಲ್ಲಿ ಹಾಗೆಯೇ ಬಟನ್ ಒತ್ತಿ ಕೆಳಗಿಳಿದ ಮರಿಯಪ್ಪ ಎಂಬ ಗೆಳೆಯನ ಕಾಲುಗಳ ಮೇಲೆ ಅವನದೇ ಟ್ರಕ್ಕು ಹರಿದದ್ದನ್ನು ಗಿರೀಶ ಕಣ್ಣಾರೆ ಕಂಡಿದ್ದ. ಅದನ್ನು ಹೇಳುವಾಗ ಅವನ ನಗು ನಿಂತಿತು. ಟ್ರಕ್ಕಿನೊಳಗೆ ಒಮ್ಮೆಯೂ ಕೂರದೆ ಟ್ರಕ್ಕಿನ ಪುಸ್ತಕ ಬರೆದ ಮೈಸೂರಿನ ಹುಡುಗಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ತನ್ನ ಸ್ಕಾರ್ಫ್ ಬಿಚ್ಚಿ ಅವನ ಹುಬ್ಬಿಗೆ ಒತ್ತಿ ಹಿಡಿದಳು. ಗೋಕಾಕದ ಆ ಗಂಡಸು ಸುಮ್ಮನೆ ಕಣ್ಣು ಮುಚ್ಚಿಕೊಂಡ. ಅಷ್ಟು ಒತ್ತಬೇಕಾಗಿರಲಿಲ್ಲ, ಅಷ್ಟು ಹೊತ್ತೂ ಬೇಕಾಗಿರಲಿಲ್ಲ.

ಆ ಚಳಿಗಾಲ ಅವನು ಕಲಿಸಿದ್ದನ್ನು, ತಿದ್ದಿದ ಪುಸ್ತಕದ ಜೊತೆ ಮಾರಲೆಂದು, ಅವಳು ವಿಡಿಯೊ ಮಾಡಿದಳು. ಜಗಳ ಶುರುವಾದದ್ದು ಬೆಲೆಯ ಮೇಲೆ. ಎಲ್ಲವನ್ನೂ ಒಂಬತ್ತು ಡಾಲರಿಗೆ ಕೊಡೋಣ ಎಂದು ಅವನು ಹಟ ಹಿಡಿದ. ಒಂಬತ್ತು ಡಾಲರಿನ ಪಾಠವನ್ನು ಯಾರೂ ಕೂತು ನೋಡುವುದಿಲ್ಲ, ಕೊಂಡು ಮರೆಯುತ್ತಾರೆ ಎಂದು ಅವಳು ಅಷ್ಟೇ ಹಟ ಹಿಡಿದಳು. ಕೊನೆಗೆ ಜೆರಾರ್ಡ್ ಬೀದಿಯ ಇಂಡಿಯಾ ಬಜಾರಿನಲ್ಲಿ ದೋಸೆ ತಿನ್ನುತ್ತ, ಪೇಪರ್ ನ್ಯಾಪ್‌ಕಿನ್ನಿನ ಮೇಲೆ ಮೂರು ಕಾಲಂ ಎಳೆದಳು. ಪುಸ್ತಕ ಹತ್ತೊಂಬತ್ತು. ಪುಸ್ತಕ, ವಿಡಿಯೊ ಎರಡೂ ಎಪ್ಪತ್ತೊಂಬತ್ತು. ಎರಡರ ಜೊತೆಗೆ ಯಾರ್ಡಿನಲ್ಲಿ ಗಿರೀಶನೊಂದಿಗೆ ಒಂದು ಗಂಟೆ, ನೂರಾ ತೊಂಬತ್ತೊಂಬತ್ತು.

“ಇಷ್ಟ್ ಕೊಟ್ಟು ಯಾರ್ ತಗೋತಾರ್ರಿ?”

“ಯಾರೂ ತಗೊಳಲ್ಲ. ಅದನ್ನ ನೋಡಿದ್ಮೇಲೆ ಎಪ್ಪತ್ತೊಂಬತ್ತು ಕಮ್ಮಿ ಅನ್ಸುತ್ತೆ. ಅದಕ್ಕೇ ಇಡೋದು.”

“ಹಂಗಾರ ನನ್ನ ಮಾರಾಕ ಇಟ್ಟಿಲ್ಲ. ಬರೇ ತೋರಸಾಕ ಇಟ್ಟೀರಿ.”

ಅವಳು ಚಟ್ನಿಯ ಬಟ್ಟಲನ್ನೇ ನೋಡುತ್ತ ಹೌದೆಂದು ತಲೆಯಾಡಿಸಿದಳು. ಕಿವಿ ಕೆಂಪಾದದ್ದನ್ನು ಅವನು ಕಂಡ. ನ್ಯಾಪ್‌ಕಿನ್ ಮಡಚಿ ಜೇಬಿಗಿಟ್ಟುಕೊಂಡ.

ಎಪ್ಪತ್ತೊಂಬತ್ತರ ಕಾಲಂ ಬಿಸಿ ದೋಸೆಯಂತೆ ಮಾರಾಟವಾಯಿತು. ಹೊಟ್ಟೆ ಉರಿದದ್ದು ಪ್ರವೀಣಕುಮಾರನಿಗೆ. ಗಿರೀಶ ಹಿಂದೆ ಕೆಲಸ ಮಾಡಿ ಬಿಟ್ಟುಬಂದಿದ್ದ ಡ್ರೈವಿಂಗ್ ಸ್ಕೂಲಿನ ಮಾಲೀಕ ಅವನು. ಅದೇ ಪಾಠಕ್ಕೆ ಆರುನೂರು ಕೀಳುತ್ತಿದ್ದ. ಕ್ಲಾಸುಗಳು ಖಾಲಿ ಹೊಡೆದವು. ಒಂದು ಬೆಳಿಗ್ಗೆ ಗಿರೀಶನ ಟ್ರಕ್ಕಿನ ಗಾಜು ಪುಡಿಯಾಗಿ ಸೀಟಿನ ಮೇಲೆ ಇಟ್ಟಿಗೆ ಬಿದ್ದಿತ್ತು. ಮುಂದಿನ ವಾರ ಇಬ್ಬರು ಬಂದು ಅವನ ಎಡಗೈಯ ಎರಡು ಬೆರಳುಗಳನ್ನು ಬಾಗಿಲಿನಲ್ಲಿಟ್ಟು ಜಜ್ಜಿದರು, ವೆಬ್‌ಸೈಟು ಮುಚ್ಚು ಎಂದರು. ಅವನು ಪೊಲೀಸರಿಗೆ ಹೇಳಿದ. ಮುಖ ಮುಚ್ಚಿಕೊಂಡವರ ಮೇಲೆ ಸಾಕ್ಷಿಯಿರಲಿಲ್ಲ.

ಕೋಕಿಲಾ ಅಳುತ್ತ ಲ್ಯಾಪ್‌ಟಾಪ್ ತೆರೆದಳು. ಎಲ್ಲ ಅಳಿಸಿಹಾಕುತ್ತೇನೆ, ನಿಮಗೇನಾದರೂ ಆದರೆ ನನ್ನಿಂದ ತಡೆಯಲಾಗದು ಎಂದಳು. ಅವನು ಬ್ಯಾಂಡೇಜಿನ ಕೈಯಿಂದಲೇ ಲ್ಯಾಪ್‌ಟಾಪ್ ಮುಚ್ಚಿದ.

“ಮರಿಯಪ್ಪನ ಕಾಲ್ ನೋಡೀನಿ ನಾ. ಮುಚ್ಚಾಂಗಿಲ್ಲ.”

ಫೆಬ್ರವರಿಯಲ್ಲಿ ಅವಳ ಫೋನು ಸದ್ದು ಮಾಡಿತು. ಮೂರನೇ ಕಾಲಂ ಮಾರಾಟವಾಗಿತ್ತು. ಯಾರೋ ಕುಮಾರ್, ಶನಿವಾರ ಹನ್ನೊಂದು ಗಂಟೆಗೆ. ಖುಷಿಯಾಗಬೇಕಿತ್ತು, ಆಗಲಿಲ್ಲ. ಗಿರೀಶನ ಒಂದು ಗಂಟೆ ಇನ್ನೊಬ್ಬರ ಪಾಲಾಯಿತೆಂದು ಹುಚ್ಚು ಸಂಕಟವಾಯಿತು. ಸಮಯವನ್ನು ಅವನಿಗೆ ತಿಳಿಸಿದಳು. ಕಡೆಗೂ ಮಾರಿಬಿಟ್ಟಿರಲ್ಲ ಎಂದು ಅವನು ರೇಗಿಸಿದ.

ಶನಿವಾರ ಹನ್ನೊಂದರ ಸುಮಾರು, ಗೋಡೌನಿನಲ್ಲಿ ಬಿಡುವಿನ ಹೊತ್ತು. ಆರ್ಡರನ್ನು ಸುಮ್ಮನೆ ತೆರೆದು ನೋಡಿದವಳ ಕಣ್ಣು ಹಣ ಕಟ್ಟಿದ ಕಾರ್ಡಿನ ವಿಳಾಸದ ಮೇಲೆ ಬಿತ್ತು. ಅದು ಪ್ರವೀಣಕುಮಾರನ ಸ್ಕೂಲಿನದು. ಹೊಡೆಸಲು ಹೊರಟವನು ಆ ಖರ್ಚನ್ನೂ ಸ್ಕೂಲಿನ ಲೆಕ್ಕಕ್ಕೇ ಹಾಕಿದ್ದ. ಗಿರೀಶ ಫೋನು ಎತ್ತಲಿಲ್ಲ. ಅವಳು ಪೊಲೀಸರಿಗೆ ಕರೆ ಮಾಡುತ್ತಲೇ ಟ್ಯಾಕ್ಸಿ ಹಿಡಿದಳು. ದಾರಿಯುದ್ದಕ್ಕೂ ಒಂದೇ ಮಾತು ತಲೆ ಕೊರೆಯಿತು. ಆ ಗಂಟೆಗೆ ಬೆಲೆ ಕಟ್ಟಿದವಳು ತಾನು.

ಯಾರ್ಡಿನ ಹಿಮದ ಮೇಲೆ ರಕ್ತ ಚೆಲ್ಲಿತ್ತು. ಗಿರೀಶ ಒಂದು ಬದಿಯ ಬೇಲಿಯ ಬುಡದಲ್ಲಿ ಬಿದ್ದಿದ್ದ. ಇಬ್ಬರು ಅವನ ಹೊಟ್ಟೆಗೆ ಒದೆಯುತ್ತಿದ್ದರು. ಪ್ರವೀಣಕುಮಾರ ತನ್ನ ಹೊಸ ಕಾರಿಗೆ ಒರಗಿ, ಕೈಯಲ್ಲಿ ಕಬ್ಬಿಣದ ರಾಡು ಹಿಡಿದು ಕಾಯುತ್ತಿದ್ದ. ಅವನು ಮುಂದೆ ಬಂದು ರಾಡನ್ನು ಗಿರೀಶನ ಮೊಣಕಾಲಿನ ಮೇಲೆ ಬೀಸಿದಾಗ ಬಂದ ಸದ್ದು ಕೋಕಿಲಾಳ ಹಲ್ಲಿನವರೆಗೆ ತಾಗಿತು.

ಟ್ಯಾಕ್ಸಿ ಆಗಲೇ ಹೊರಟುಹೋಗಿತ್ತು, ಕೂಗಿದರೆ ಕೇಳುವವರಿರಲಿಲ್ಲ. ಗಿರೀಶನ ಟ್ರಕ್ಕು ಪಾಠಕ್ಕೆಂದು ಇಂಜಿನ್ ಆನ್ ಆಗಿಯೇ, ಇಳಿಜಾರಿನ ಮೇಲ್ತುದಿಯಲ್ಲಿ, ನೇರ ಆ ಕಾರಿಗೆ ಮುಖಮಾಡಿ ನಿಂತಿತ್ತು. ಅವಳು ಹತ್ತಿ ಕೂತಳು. ಹಾರ್ನ್ ಒತ್ತಿ ಹಿಡಿದಳು. ಮೂವತ್ತೊಂದನೇ ಪೇಜು. ಒತ್ತಿದರೆ ಬಿಡುತ್ತದೆ. ಹಳದಿ ಬಟನ್ ಒತ್ತಿದಳು.

ಟ್ರಕ್ಕು ಉಸಿರು ಬಿಟ್ಟು ಹೊರಟಿತು. ಇಬ್ಬರೂ ದಿಕ್ಕಾಪಾಲಾಗಿ ಓಡಿದರು. ಕಾರಿನತ್ತ ಓಡಿದ ಪ್ರವೀಣಕುಮಾರ ಕೊನೆಗೆ ಅದನ್ನೂ ಬಿಟ್ಟು ಹಿಮಕ್ಕೆ ಹಾರಿದ. ಕಬ್ಬಿಣದ ಬಂಪರು ಕಾರಿನ ಪಕ್ಕೆಯನ್ನು ಒಳಗೊತ್ತಿ, ಗಾಜುಗಳನ್ನೆಲ್ಲ ಉದುರಿಸಿ, ಹತ್ತು ಅಡಿ ತಳ್ಳಿಕೊಂಡು ಹೋಯಿತು. ಎಳೆದರೆ ಹಿಡಿಯುತ್ತದೆ. ಎಳೆದಳು. ಟ್ರಕ್ಕು ನಿಂತಿತು.

ರಾಡು ಹಿಮದಲ್ಲಿ ಬಿದ್ದಿತ್ತು. ಕೆಳಗಿಳಿದು ಅದನ್ನೆತ್ತಿಕೊಂಡಳು. ಏಳಲು ಹೊರಟ ಪ್ರವೀಣಕುಮಾರನ ಕೈಗೆ ಒಂದೇ ಏಟು ಕೊಟ್ಟಳು. ಬೆರಳುಗಳ ಲೆಕ್ಕ ನೆನಪಿತ್ತು. ಅವನು ಮತ್ತೆ ಏಳಲಿಲ್ಲ, ಪೊಲೀಸರ ಸೈರನ್ ಕೇಳಿಸುವವರೆಗೂ ಕೈ ಹಿಡಿದುಕೊಂಡು ನರಳಿದ.

ಗಿರೀಶನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಹುಬ್ಬು ಹಳೆಯ ಗಾಯದ ಮೇಲೇ ಒಡೆದಿತ್ತು. ಅದೇ ಸ್ಕಾರ್ಫ್ ಒತ್ತಿ ಹಿಡಿದಳು.

“ಆ ಕಾಲಂ ಇಟ್ಟಿದ್ದು ನಾನು,” ಎಂದಳು. “ನಿಮ್ಮ ಟೈಮು ಯಾರಿಗೂ ಸಿಗಬಾರ್ದು ಅಂತ್ಲೇ ಅಷ್ಟು ಬೆಲೆ ಹಾಕಿದ್ದೆ. ಮಾರ್ಕೆಟಿಂಗ್ ಅಂದಿದ್ದು ಸುಳ್ಳು.”

ಅವನು ಅವಳತ್ತ ಮುಖ ತಿರುಗಿಸಿದ. ಮುರಿದ ಮೊಣಕಾಲಿನ ನೋವಿಗೆ ಕಣ್ಣಲ್ಲಿ ನೀರು ತುಂಬಿತ್ತು, ತುಟಿಯಲ್ಲಿ ಮಾತ್ರ ಆ ಮೊದಲ ದಿನದ ನಗು. ಕಣ್ಣಿನಲ್ಲೇ ಜೇಬು ತೋರಿಸಿದ. ಒಳಗೆ ಚಟ್ನಿಯ ಕಲೆಯ ನ್ಯಾಪ್‌ಕಿನ್ನಿತ್ತು.

“ನಂಗ ಅವತ್ತ ಗೊತ್ತಾತು. ಹುಚ್ಚಿ ನೀ.” ಮೊದಲ ಸಲ ಅವಳನ್ನು ನೀ ಎಂದಿದ್ದ.

ಆ್ಯಂಬುಲೆನ್ಸು ಗೇಟಿನೊಳಗೆ ತಿರುಗುತ್ತಿತ್ತು. ಅವಳು ಒಂದು ಕೈಯಲ್ಲಿ ಫೋನು ತೆಗೆದು ಏನೋ ಒತ್ತಿದಳು.

“ತಗದ್ಯಾ ಆ ಕಾಲಂ?”

“ಇಲ್ಲ. ಸೋಲ್ಡ್ ಔಟ್ ಅಂತ ಹಾಕ್ದೆ.”

“ಯಾರ್ ತಗೊಂಡ್ರು?”

ಸ್ಕಾರ್ಫನ್ನು ಇನ್ನಷ್ಟು ಒತ್ತಿ ಹಿಡಿದಳು. ಅವನು ಕಣ್ಣು ಮುಚ್ಚಿಕೊಂಡ.