ಪಂಜರದಡಿಯ ಒಣ ಕಾಗದ

ಇಲಿಯ ಕರುಳು ಪರದೆಯ ಮೇಲೆ ಕಾಣುತ್ತಿತ್ತು. ಅದಕ್ಕೆ ನುಂಗಿಸಿದ್ದ, ಸಾಸಿವೆಗಿಂತ ಸಣ್ಣದಾದ ಮಣಿ ಒಳಗಿನ ನೀರನ್ನು ನೀಲಿ ಬಣ್ಣದಲ್ಲಿ, ಕರುಳಿನ ಚಲನೆಯನ್ನು ಹಳದಿ ಅಲೆಯಾಗಿ ತೋರಿಸುತ್ತಿತ್ತು. ಹಿಂದಿನ ತಲೆಮಾರಿನವರು ಇದನ್ನು ತಿಳಿಯಲು ಇಲಿಯನ್ನು ಕೊಯ್ಯಬೇಕಾಗಿತ್ತು.

ಇಲಿಗಳಿಗೆ ಹರಳೆಣ್ಣೆ ಕುಡಿಸಿ ಭೇದಿ ಬರಿಸಿದ್ದರು. ಆಮೇಲೆ ತೊಗಟೆಯ ಕಷಾಯ ಕುಡಿಸಿದವುಗಳ ಪಂಜರದಡಿ ಹಾಸಿದ ಕಾಗದ ಒಣಗಿಯೇ ಇತ್ತು.

"ನಿಮ್ಮ ಅತ್ತಿಯವರು ಗೆದ್ರು ನೋಡ್ರಿ ಮೇಡಂ," ಎಂದ ಸಹೋದ್ಯೋಗಿ ಮಹಾಂತೇಶ. "ಇನ್ನ ಮನ್ಯಾಗ ನಿಮ್ಮ ಮಾತು ನಡ್ಯಂಗಿಲ್ಲ."

"ಈಗರ ಎಲ್ಲಿ ನಡೀತೈತ್ರಿ," ಎಂದಳು ಸ್ಫೂರ್ತಿ. ಈ ಪ್ರಯೋಗ ಶುರುವಾದಾಗಿನಿಂದ ಅವಳಿಗೆ ಸರಿಯಾಗಿ ನಿದ್ದೆಯಿಲ್ಲ.

ಅವಳ ಅತ್ತೆ ನೀಲವ್ವ ಧಾರವಾಡದ ತನ್ನ ಓಣಿಯ ಮಕ್ಕಳಿಗೆಲ್ಲ ಕುಡಿಸುವ ಕಷಾಯವದು. ಹಾಸಿದ ಬಟ್ಟೆ ಮುಟ್ಟಿ, ಒಣಗಿದ್ದರೆ 'ಗುಣ ಆತು' ಎನ್ನುವುದು ಅಲ್ಲಿನ ರೂಢಿ. ಪ್ರಯೋಗಾಲಯವೂ ಇಷ್ಟು ಕಾಲ ಅದನ್ನೇ ಮಾಡಿತ್ತು. ಬಟ್ಟೆಯ ಬದಲು ಕಾಗದ, ಅಷ್ಟೇ.

ಪರದೆಯತ್ತ ತಿರುಗಿದವಳು ಹಾಗೇ ನಿಂತಳು. ಹಳದಿ ಅಲೆ ನೆಲಕಚ್ಚಿತ್ತು. ನೀಲಿ ಉಬ್ಬುತ್ತಲೇ ಇತ್ತು.

"ಭೇದಿ ನಿಂತಿಲ್ರಿ ಮಹಾಂತೇಶ. ಹೊರಗ ಬರೂದಷ್ಟ ನಿಂತೈತಿ. ಕರುಳು ಮಲಗಿಬಿಟ್ಟೈತಿ, ಮೈಯಾಗಿನ ನೀರೆಲ್ಲ ಒಳಗ ಸೋರಿ ತುಂಬಾಕತ್ತೈತಿ."

ಇಲಿ ಮೂಲೆಯಲ್ಲಿ ಮುದುಡಿ ಸುಮ್ಮನೆ ಮಲಗಿತ್ತು. ಭೇದಿಯಾಗಿದ್ದ ಪುಟ್ಟ ಮಗಳನ್ನು ಬೆಳಿಗ್ಗೆ ಅತ್ತೆಯ ಬಳಿ ಬಿಟ್ಟು ಬಂದದ್ದು ನೆನಪಾಗಿ ಸ್ಫೂರ್ತಿ ಮನೆಗೆ ಫೋನು ಮಾಡಿದಳು.

"ಅತ್ತೀ, ಕೂಸು ಹೆಂಗೈತ್ರಿ?"

"ಕಷಾಯ ಹಾಕೇನಿ. ಬಟ್ಟಿ ಒಣಗೇತಿ. ಅಳೂದಿಲ್ಲ, ಏನಿಲ್ಲ. ಶಾಣ್ಯಾ ಕೂಸು, ಸುಮ್ಮನ ಮಲಗೇತಿ."

"ಎಬ್ಬಸ್ರಿ."

"ಹುಚ್ಚಿ, ಮಲಗಿದ ಕೂಸನ್ನ ಯಾರರ ಎಬ್ಬಸ್ತಾರೇನ?"

"ಎಬ್ಬಸ್ರಿ ಅತ್ತೀ. ಹೊಟ್ಟಿ ಮುಟ್ಟಿ ನೋಡ್ರಿ."

ಆ ಕಡೆ ಬಳೆಗಳು ಸದ್ದು ಮಾಡಿ ನಿಂತವು. "ಹೊಟ್ಟಿ ಬಿಗದೈತಿ ಸ್ಫೂರ್ತಿ. ಕಣ್ಣ ತಗೀವಲ್ದು."

"ಈಗಿಂದೀಗ ದವಾಖಾನಿಗೆ ಕರ್ಕೊಂಡು ನಡೀರಿ. ನಾ ಅಲ್ಲೇ ಬರ್ತೇನಿ."

ಸಲೈನು ಹನಿಹನಿಯಾಗಿ ಇಳಿಯಿತು. ಸಂಜೆಯ ಹೊತ್ತಿಗೆ ಮಗು ವಾರ್ಡೆಲ್ಲ ಕೇಳುವಂತೆ ಕಿರುಚಿತು. ನರ್ಸು ಸಮಾಧಾನ ಮಾಡಲು ಬಂದಾಗ ನೀಲವ್ವ ತಡೆದಳು. "ಅಳ್ಲಿ ಬಿಡವ್ವಾ."

ಆಮೇಲೆ ಸೊಸೆಯ ಮುಖವನ್ನೇ ನೋಡುತ್ತ ಕುಳಿತಳು. ಎಷ್ಟೋ ವರ್ಷ ಒಂದೇ ಒಲೆಯ ಅಡುಗೆ ಉಂಡವರು. ಹಾಗೆ ನೋಡಿದ್ದು ಇದೇ ಮೊದಲು.

"ನೀನೂ ಬಾಳ ಸುಮ್ಮನಿರ್ತಿ. ಏನಾಗೇತಿ?"

'ಏನಿಲ್ರಿ' ಎನ್ನಲು ಸ್ಫೂರ್ತಿ ಬಾಯಿ ತೆರೆದಳು. ಆ ಮಾತು ಬರಲಿಲ್ಲ.

"ಸಾಕಾಗೇತ್ರಿ ಅತ್ತೀ," ಎಂದಳು.

ನೀಲವ್ವ ಸರಿದು, ಬೆಂಚಿನ ಮೇಲೆ ಜಾಗ ಮಾಡಿದಳು.