ಕಾರ್ಮೆಲಾ ಕಳಚಿಟ್ಟ ಪೊರೆ

ಗುರುವಾರ ಬೆಳಿಗ್ಗೆ ಚಿಲಿಯ ಪಿರ್ಕೆ ಠಾಣೆಗೆ ಕುದುರೆಯ ಜೀನು ಹೊಲಿಯುವ ದೋನ್ ಅನ್ಸೆಲ್ಮೊ ಬಂದು ದೂರು ಕೊಟ್ಟರು. ಮನೆಯಲ್ಲಿ ಸಾಕಿದ್ದ ಟರಾಂಟುಲಾ ಜೇಡ ಕಳವಾಗಿತ್ತು. ಹೆಸರು ಕಾರ್ಮೆಲಾ. ತೀರಿಹೋದ ಮಗಳು ರೋಸಾಲ್ಬಾ ಗುಡ್ಡದ ಬಿಲದಿಂದ ತಂದು ಸಾಕಿದ್ದು.

"ಜೇಡಕ್ಕೂ ಎಫ್‌ಐಆರಾ ಸರ್?" ಕಾನ್‌ಸ್ಟೇಬಲ್ ಯಾಸ್ನಾ ನಕ್ಕಳು.

"ಜೀವ ಕಣಮ್ಮ ಅದು. ಬರಿ," ಎಂದರು ಇನ್ಸ್‌ಪೆಕ್ಟರ್ ಫರ್ಮಿನ್ ಉಯೋವಾ.

"ನಿನ್ನೆ ಸಂಜೆ ಇತ್ತು. ಇವತ್ತು ನೀರಿಡೋಕೆ ಮುಚ್ಚಳ ತೆಗೆದ್ರೆ ಬರೀ ಪೊರೆ. ನಿನ್ನೆ ಬಂದವನು ಗ್ಯಾಸಿನವನೊಬ್ಬನೇ. ಅವನನ್ನ ಹಿಡೀರಿ!" ಮುದುಕರ ಹಟ.

ಹತ್ತೂವರೆಗೆ ಮುದುಕರ ಮನೆಯಲ್ಲಿ ಪಂಚನಾಮೆ. ಗಾಜಿನ ಪೆಟ್ಟಿಗೆಯ ಮಣ್ಣಿನ ಮೇಲೆ ಎಂಟು ಕಾಲೂ ಸಮೇತ ಇಡೀ ಜೇಡದಂತೆಯೇ ಬಿದ್ದಿತ್ತು, ಕಳಚಿದ ಪೊರೆ. ಕಣಿವೆಯ ಎಲ್ಲ ಹುಡುಗರಂತೆ ಉಯೋವಾ ಕೂಡ ಚಿಕ್ಕವರಿದ್ದಾಗ ಇವುಗಳನ್ನು ಅಂಗೈ ಮೇಲೆ ಆಡಿಸಿದವರೇ. ಪೊರೆಯ ಒಂದು ಕಾಲನ್ನು ಮೆಲ್ಲಗೆ ಬಾಗಿಸಿ ನೋಡಿದರು. ಹಪ್ಪಳದಂತೆ ಲಟಕ್ಕನೆ ಮುರಿಯಿತು.

"ನಿನ್ನೆ ಬಿಟ್ಟ ಪೊರೆಯಾಗಿದ್ರೆ ಬಾಗ್ತಿತ್ತು. ಇದು ಒಣಗಿ ಮೂರ್ನಾಲ್ಕು ದಿನ ಆಗಿದೆ. ನಿನ್ನೆ ನೀವು ನೋಡಿದ್ದು ಇದನ್ನೇ, ದೋನ್ ಅನ್ಸೆಲ್ಮೊ."

ಮುದುಕರ ಮುಖ ಬಿಳಿಚಿತು. "ಪೊರೆ ಬಿಡೋವಾಗ ಮುಟ್ಟಬೇಡ ಅಪ್ಪಾ ಅಂತಿದ್ಲು ಮಗಳು. ಗಾಜಿನ ಆಚೆಯಿಂದ್ಲೇ ನೋಡ್ತಿದ್ದೆ... ಅಯ್ಯೋ, ಮೈ ಇನ್ನೂ ಬೆಣ್ಣೆ ಹಾಗಿರತ್ತಲ್ಲ! ತಿಳೀದೋನು ಯಾರಾದ್ರೂ ಜೀವಂತ ಮಿಡತೆ ಹಾಕಿಬಿಟ್ರೆ, ಮಿಡತೇನೇ ಅವಳನ್ನ ತಿನ್ನತ್ತೆ."

ತಡಮಾಡುವಂತಿರಲಿಲ್ಲ. ಗ್ಯಾಸಿನವನನ್ನು ಉಯೋವಾ ತಲೆಯಿಂದ ತೆಗೆದುಹಾಕಿದರು.

"ಭಾನುವಾರ ಮನೆಯಲ್ಲಿ ಯಾರಿದ್ರು?"

"ದೇವಮಾತೆಯ ಜಾಗರಣೆ ಇತ್ತು. ಪದ ಹಾಡೋರು ಬಂದಿದ್ರು."

ಉಯೋವಾರ ಅಜ್ಜ ದೇವರ ಪದ ಹಾಡುತ್ತಿದ್ದವರು. ಅವರ ಮೊಣಕಾಲ ಬಳಿ ಕೂತು ಕೇಳುತ್ತಲೇ ಬೆಳೆದ ಕಿವಿ ಇವರದು. ಹಾಡುವವರು ವೃತ್ತವಾಗಿ ಕೂತು ಸರದಿಯಂತೆ ಒಬ್ಬೊಬ್ಬರು ಒಂದೊಂದು ಪದ ಹಾಡಬೇಕು. ಸುತ್ತು ಮುಗಿಯದೆ ಯಾರೂ ಏಳುವುದಿಲ್ಲ. ಎದ್ದವನ ಪದ ಹೋಯಿತೆಂದೇ ಲೆಕ್ಕ.

"ಯಾರ ಪದ ತಪ್ಪಿತು?"

ಅನ್ಸೆಲ್ಮೊ ಕಣ್ಣು ಮುಚ್ಚಿ ಸುತ್ತನ್ನು ಮೊದಲಿನಿಂದ ಗುನುಗಿಕೊಂಡರು. ಜಲಪ್ರಳಯದ ಪದದ ಹತ್ತಿರ ದನಿ ನಿಂತಿತು. "ತದೇಯೊ. ಗಿಟಾರ್ ಕುರ್ಚಿ ಮೇಲಿತ್ತು, ಅವನಿರಲಿಲ್ಲ."

ತದೇಯೊ ರೋಸಾಲ್ಬಾಳನ್ನು ಮದುವೆಯಾಗಬೇಕಿದ್ದವನು.

ಮಧ್ಯಾಹ್ನ ಅವನ ಮನೆಯ ಬಾಗಿಲು ತಟ್ಟಿದಾಗ ತೆರೆದ ಕೈ ಮೊಣಕೈತನಕ ಕೆಂಪಗೆ ದದ್ದೆದ್ದಿತ್ತು.

"ಏನದು ಕೈ ಮೇಲೆ?"

"ತುರಿಗಿಡ ತಾಗ್ತು ಸರ್."

"ತುರಿಗಿಡವೋ, ತುರಿಸೋ ಜೇಡದ ರೋಮವೋ? ಮಿಡತೆ ಹಾಕಿದ್ಯಾ? ಅದನ್ನ ಮೊದಲು ಹೇಳು."

ತದೇಯೊ ತಲೆ ತಗ್ಗಿಸಿದ. "ಇಲ್ಲ ಸರ್. ನೀರು ಮಾತ್ರ ಇಟ್ಟಿದೀನಿ."

ಮಂಚದ ಪಕ್ಕದ ಡಬ್ಬಿಯಲ್ಲಿ ಮಸುಕು ಗುಲಾಬಿ ಬಣ್ಣದ ಕಾರ್ಮೆಲಾ ಮುಂಗಾಲೊಂದನ್ನು ನಿಧಾನ ಎತ್ತಿ ಇಳಿಸಿತು. ಯಾಸ್ನಾ ಹಿಡಿದಿದ್ದ ಉಸಿರು ಬಿಟ್ಟಳು.

"ಯಾಕೆ ತಂದೆ?"

"ಪೊರೆ ಪಕ್ಕ ಅಂಗಾತ, ಅಲ್ಲಾಡದೆ ಬಿದ್ದಿತ್ತು. ಸತ್ತಿದೆ ಅಂದ್ಕೊಂಡೆ. ರೋಸಾಲ್ಬಾ ಪಕ್ಕದಲ್ಲಿ ಹೂಳೋಣ ಅಂತ ಎತ್ಕೊಂಡು ಹೋದೆ. ಮಣ್ಣು ತೆಗೀತಿರೋವಾಗ ಅಂಗೈಲಿ ಕಾಲಾಡಿಸ್ತು ಸರ್." ಅವನು ಡಬ್ಬಿಯನ್ನು ತನ್ನತ್ತ ಎಳೆದುಕೊಂಡ. "ಆಮೇಲೆ ವಾಪಸ್ ಕೊಡೋಕೆ ನನ್ನ ಕೈಲಾಗ್ಲಿಲ್ಲ."

"ಕಳವು ಕಳವೇ. ನಡಿ."

ಯಾಸ್ನಾ ಕೈಕೋಳ ತೆಗೆದಳು. ಉಯೋವಾ ಬೇಡವೆಂದು ತಲೆಯಾಡಿಸಿದರು. ಡಬ್ಬಿ ಅಲುಗದಂತೆ ಹಿಡಿಯಲು ತದೇಯೊಗೆ ಎರಡೂ ಕೈ ಬೇಕಿತ್ತು. ಜೀಪು ಎತ್ತಿನ ಗಾಡಿಯಂತೆ ಹೋಯಿತು.

ಮನೆ ಬಾಗಿಲಲ್ಲಿ ಕಾದಿದ್ದ ಅನ್ಸೆಲ್ಮೊ ಡಬ್ಬಿಯೊಳಗೆ ಇಣುಕಿದರು, ಆಮೇಲೆ ಅದನ್ನು ಹಿಡಿದಿದ್ದ ದದ್ದೆದ್ದ ಕೈಗಳನ್ನು ನೋಡಿದರು.

"ಒಳಗೆ ನೀನೇ ಇಡು. ಅವಳಿಗೆ ನಿನ್ನ ಕೈ ರೂಢಿಯಾಗಿದೆ," ಎಂದರು. "ಠಾಣೆಯಿಂದ ಬಿಟ್ಟ ಮೇಲೆ ಬಾ. ಭಾನುವಾರದ ನಿನ್ನ ಪದ ಹಾಡದೆ ಉಳಿದಿದೆ."