ಅವರ ಬಳ್ಳಿ

ಹೂ ಬೇಕಿತ್ತು. ಅದೂ ಇವತ್ತೇ.

ಹೈದರಾಬಾದಿನಿಂದ ಬಂದ ಉರ್ದು ಕಾಗದ ಭಗವಂತರಾಯನ ಕೋಟಿನ ಜೇಬಿನಲ್ಲಿತ್ತು. ಕಲಬುರ್ಗಿಯಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಅವನು ಹೋದ ವರ್ಷ, 1940ರಲ್ಲಿ, ಶಹಾಪುರದ ಗುಡ್ಡದಿಂದ ಒಂದು ಬಳ್ಳಿಯನ್ನು ಒಣಗಿಸಿ ಅಲ್ಲಿನ ಸಸ್ಯಸಂಗ್ರಹಕ್ಕೆ ಕಳಿಸಿದ್ದ. ಅವನ ಮೊದಲ ಶೋಧ. 'ಸ್ಥಳೀಯ ಹೆಸರು: ಅವರಿ ಬಳ್ಳಿ' ಎಂದು ಬರೆದು, ಹೆಸರು ನಂಬಿ ಅವರೆಯ ಕುಲಕ್ಕೆ ಸೇರಿಸಿದ್ದ. ಉತ್ತರ ಚುಟುಕಾಗಿತ್ತು: ಇದು ಅವರೆಯಲ್ಲ. ತಿಂಗಳ ಕೊನೆಯೊಳಗೆ ಹೂ ತಲುಪದಿದ್ದರೆ ಪಟ್ಟಿಯಿಂದ ತೆಗೆಯುತ್ತೇವೆ.

ಇನ್ನು ಮೂರೇ ದಿನ.

ಮುಂದೆ ಸುಗಲಮ್ಮ ನಡೆದಿದ್ದಳು. ಐವತ್ತು ದಾಟಿದ ಕುರಿಗಾರ್ತಿ. ಬಳ್ಳಿ ತೋರಿಸಿ ಹೆಸರು ಹೇಳಿದವಳು ಅವಳೇ. ಹೆಗಲ ಮೇಲೆ ಕೊಕ್ಕೆಯ ದೋಟಿ. ಹಿಂದೆ ಹಗ್ಗ ಹೊತ್ತ ಅವಳ ತಮ್ಮ ಅಂಬಣ್ಣ. ಅಕ್ಕನನ್ನು ಮಾತಾಡಿಸಲು ಸೈದಾಪುರದಿಂದ ಬಂದು ಸಿಕ್ಕಿಬಿದ್ದಿದ್ದ.

"ಒಂದು ಹೂವಿನ ಸಲುವಾಗಿ ಮೂರು ಮಂದಿ ಸಾಯಬೇಕೇನ್ರಿ ಮಾಸ್ತರ?"

"ಹೂ ನೋಡದ ಅದು ಯಾವ ಮನಿತನದ್ದಂತ ಹೇಳಾಕ ಬರಂಗಿಲ್ಲ ಅಂಬಣ್ಣ."

"ಹೆಣ್ಣು ಕೊಡೂ ಮುಂದ ಮನಿತನ ಕೇಳಬೇಕು. ಬಳ್ಳಿಗ್ಯಾಕ?"

"ಬಾಯಿ ಮುಚಗೊಂಡು ಹತ್ತೋ," ಎಂದಳು ಸುಗಲಮ್ಮ.

ದೂರದಿಂದ ಮಲಗಿದ ಮನುಷ್ಯನಂತೆ ಕಾಣುವ ಗುಡ್ಡ, ಹತ್ತಿರ ಬಂದರೆ ಬರೀ ಬಂಡೆ. ಒಂದರ ಮೇಲೊಂದು ಒರಗಿದ ಆ ಬಂಡೆಗಳ ಸಂದಿಯಲ್ಲಿ ಸೀತಾಫಲದ ಪೊದೆಗಳು, ನಿನ್ನೆಯ ಮಳೆಯ ನೀರು. ಕೆಳಗೆ ಸಜ್ಜೆಯ ಹೊಲಗಳು ಹಸಿರು ಕಂಬಳಿಯಂತೆ ಕೆರೆಯವರೆಗೂ ಹಾಸಿದ್ದವು. ಸುಗಲಮ್ಮ ದಾರಿಯ ಗಿಡಗಳನ್ನು ದೋಟಿಯಿಂದ ಮುಟ್ಟಿ ಮುಟ್ಟಿ ವಿಂಗಡಿಸುತ್ತ ಹೋದಳು: ಕುರಿ ತಿನ್ನುವುದು, ಆಡು ಮಾತ್ರ ತಿನ್ನುವುದು, ಯಾವುದೂ ಮೂಸದ್ದು. ಭಗವಂತರಾಯ ಏದುಸಿರು ಬಿಡುತ್ತಲೇ ಬರೆದುಕೊಂಡ.

ಹೋದ ವರ್ಷದ ಜಾಗದಲ್ಲಿ ಬಳ್ಳಿ ಇರಲಿಲ್ಲ. ಮುಳ್ಳುಹಂದಿ ಗಡ್ಡೆ ಸಹಿತ ಅಗೆದು ತಿಂದಿತ್ತು.

"ಇನ್ನೊಂದು ಅದರಿ," ಎಂದಳು ಸುಗಲಮ್ಮ. "ಆದರ ಕೆಳಗಿಳೀಬೇಕು."

ದೊಡ್ಡ ಬಂಡೆಯ ಅಂಚಿನ ಕೆಳಗೆ, ಎರಡಾಳು ಆಳದಲ್ಲಿ, ಮೊಳದಗಲದ ಚಾಚು. ಅದರ ಕೆಳಗೆ ಬರೀ ಗಾಳಿ.

ಅಂಬಣ್ಣ ಹಗ್ಗವನ್ನು ಬಂಡೆಗೆ ಸುತ್ತಿ ಕಾಲೂರಿದ. ಭಗವಂತರಾಯ ಇಳಿದ. ಬಳ್ಳಿ ಸಿಕ್ಕಿತು, ಹೂವಿತ್ತು, ಎರಡೇ. ಒಂದನ್ನು ಬೀಜಕ್ಕೆ ಬಿಟ್ಟು, ಇನ್ನೊಂದನ್ನು ಎಲೆ ಸಮೇತ ಕತ್ತರಿಸಿ ಡಬ್ಬಿಗೆ ಹಾಕಿದ.

ಆಗ ಮಳೆ ಶುರುವಾಯಿತು.

ಹತ್ತುವಾಗ ಬೂಟು ಜಾರಿತು. ಹಗ್ಗ ಬಂಡೆಗೆ ಉಜ್ಜಿ ಎಳೆ ಬಿಚ್ಚತೊಡಗಿತು.

"ಯಕ್ಕಾ, ಹಗ್ಗ ಹರಿಯಾಕತ್ತದ!"

"ಡಬ್ಬಿ ಒಗೀರಿ, ಎರಡೂ ಕೈಲೆ ಹಿಡ್ಕೊರಿ!"

ಅವನು ಡಬ್ಬಿ ಒಗೆಯಲಿಲ್ಲ. ಸುಗಲಮ್ಮ ಮಲಗಿ ದೋಟಿ ಚಾಚಿದಳು. ಕೊಕ್ಕೆ ಅವನ ಸೊಂಟದ ಪಟ್ಟಿಗೆ ಸಿಕ್ಕಿತು. ಇಬ್ಬರೂ ಸೇರಿ, ಬಾವಿಗೆ ಬಿದ್ದ ಕುರಿಯನ್ನು ಎತ್ತುವಂತೆ, ಅವನನ್ನು ಮೇಲಕ್ಕೆಳೆದರು.

ಬಂಡೆಯ ಮರೆಯಲ್ಲಿ ಕೂತು ಡಬ್ಬಿ ತೆರೆದರು. ಬುಡ ಉಬ್ಬಿ, ಕುತ್ತಿಗೆ ಸಣ್ಣಗಾಗಿ, ತುದಿಯಲ್ಲಿ ಐದು ಎಸಳು ಕೂಡಿಕೊಂಡ ಪುಟ್ಟ ಕಂದೀಲು. ತೊಟ್ಟಿನಿಂದ ಬಿಳಿ ಹಾಲು ಒಸರುತ್ತಿತ್ತು.

"ಇದು ಎಕ್ಕದ ಬಳಗ ಸುಗಲಮ್ಮ. ಅವರಿಕಾಯಿಗೂ ಇದಕ್ಕೂ ಸಂಬಂಧಿಲ್ಲ. ಮತ್ಯಾಕ ಅವರಿ ಅಂತೀರಿ?"

"ಅವರಿ ಅಂತ ಯಾರಂದ್ರು? ಅವರ ಬಳ್ಳಿ ಅಂದಿದ್ದೆ."

"ಯಾರ?"

ಅವಳು ಸೆರಗು ಸರಿಮಾಡಿಕೊಂಡು ಆ ಕಡೆ ನೋಡಿದಳು. ಅಂಬಣ್ಣ ನಗಲು ಹೋಗಿ, ನಗು ತಡೆದು ತಾನೇ ಉತ್ತರಿಸಿದ.

"ನಮ್ಮ ಮಾವಂದ್ರಿ. ಗಂಡನ ಹೆಸರು ಹೆಂಗ ಹಿಡದಾಳು? ಅಂವ ಹೋಗಿ ಹನ್ನೊಂದು ವರ್ಷ ಆತು, ಇನ್ನೂ ಹಿಡದಿಲ್ಲ."

"ಚೊಚ್ಚಲ ಬಸುರಿದ್ದಾಗ ನನಗ ಬಾಯಿಗೇನೂ ಸೇರತಿದ್ದಿಲ್ಲ," ಎಂದಳು ಸುಗಲಮ್ಮ, ಹೂವನ್ನೇ ನೋಡುತ್ತ. "ಇದರ ಗಡ್ಡಿ ಒಂದ ಸೇರತಿತ್ತು. ದಿನಾ ಇಲ್ಲಿಗೆ ಹತ್ತಿ ತಂದು ಕೊಡತಿದ್ರು. ಹಟ್ಟ್ಯಾಗ ಎಲ್ಲಾರೂ ಈ ಬಳ್ಳಿನ ಅವರ ಹೆಸರಲೇ ಕರೀತಾರ. ನಾನೊಬ್ಬಾಕಿ ಅನ್ನಾಂಗಿಲ್ಲ."

"ಅಂದ್ರ ಮಲ್ಕಪ್ಪನ ಬಳ್ಳಿ," ಎಂದ ಅಂಬಣ್ಣ, ಮೆಲ್ಲಗೆ.

ಇಳಿಯಲು ಹತ್ತಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಕೂತು, ಜಾರಿ, ಮೊಣಕೈ ತರಚಿಕೊಂಡು ಬುಡ ಮುಟ್ಟಿದಾಗ ಮೂವರೂ ಕೆಸರಿನ ಮುದ್ದೆ. ಡಬ್ಬಿಯ ಒಳಗು ಮಾತ್ರ ತೊಯ್ದಿರಲಿಲ್ಲ.

ಭಗವಂತರಾಯ ಹೂವನ್ನು ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಹರಡಿ, ಹೊಸ ಚೀಟಿ ಬರೆದ.

"ಏನ್ ಬರದ್ರಿ?" ಎಂದಳು ಸುಗಲಮ್ಮ.

"ಕುಲ, ಎಕ್ಕದ್ದು. ಸ್ಥಳೀಯ ಹೆಸರು, ಮಲ್ಕಪ್ಪನ ಬಳ್ಳಿ."

"ಹೈದರಾಬಾದಿನ್ಯಾಗೂ ಹಂಗ ಅಂತಾರೇನ್ರಿ?"

"ಪಟ್ಟಿ ಓದಿದವರೆಲ್ಲ ಹಂಗ ಅನ್ನಬೇಕಾಗತದ."

ಸುಗಲಮ್ಮ ದೋಟಿಯನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು ಕೂತಳು.

"ಮಳಿ ಸಪ್ಪಳದಾಗ ಬರೋಬ್ಬರಿ ಕೇಳಲಿಲ್ರಿ. ಇನ್ನೊಮ್ಮೆ ಓದ್ರಿ."

ಮಳೆ ನಿಂತು ಬಹಳ ಹೊತ್ತಾಗಿತ್ತು. ಭಗವಂತರಾಯ ಗಟ್ಟಿಯಾಗಿ ಓದಿದ.